ಮಳೆಗಾಲದ ಸ್ಪೆಕ್ಟ್ರಮ್

ಬೆಂಗಳೂರಿಗೆ ಮಳೆ ಹಿಡಿದಿರುವ ಈ ದಿನಗಳಲ್ಲಿ ಲೆಡ್ ಸಲ್ಫೈಡ್‌ನ ಅತಿ ಸಣ್ಣ ಅರೆವಾಹಕ ಕಣಗಳಾದ ಕ್ವಾಂಟಮ್ ಡಾಟ್‌ಗಳ ಇನ್‌ಫ್ರಾರೆಡ್ ಅಳತೆ ತೆಗೆಯುವವರು ಗಮನಿಸಿ: 1380 ಮತ್ತು 1870 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಮುಳ್ಳುಮುಳ್ಳಾಗಿ ಕಾಣುವ ಗೆರೆಗಳು ಡಾಟ್‌ಗಳದ್ದಲ್ಲ, ಗಾಳಿಯ ತೇವದ್ದು. ಯಂತ್ರದೊಳಗೆ ಒಣ ನೈಟ್ರೋಜನ್ ಹರಿಸಿ, ಬೇಸ್‌ಲೈನ್ (ಸ್ಯಾಂಪಲ್ ಇಲ್ಲದ ಖಾಲಿ ಅಳತೆ) ಹೊಸದಾಗಿ ತೆಗೆದು, ಆಮೇಲೆ ಸ್ಯಾಂಪಲ್ ಇಡಿ.

ದ್ರಾವಕವಾಗಿ ಟಾಲ್ಯೂಯಿನ್ ಬೇಡ. ಅದರ ಕಾರ್ಬನ್-ಹೈಡ್ರೋಜನ್ ಬಂಧಗಳೇ 1700ರ ಆಸುಪಾಸಿನ ಬೆಳಕನ್ನು ನುಂಗಿಬಿಡುತ್ತವೆ. ಟೆಟ್ರಾಕ್ಲೋರೋಎಥಿಲೀನ್‌ನಲ್ಲಿ ಹೈಡ್ರೋಜನ್ನೇ ಇಲ್ಲ, ಅಲ್ಲಿ ದಾರಿ ಸಲೀಸು. ಅದರ ಆವಿ ಒಳ್ಳೆಯದಲ್ಲ, ಫ್ಯೂಮ್ ಹುಡ್‌ನಲ್ಲೇ ಬಾಟಲಿ ತೆರೆಯಿರಿ. ಇಷ್ಟಾದರೂ ದ್ರಾವಣ ಗಟ್ಟಿಯಾಗಿದ್ದರೆ 1720ರ ಬಳಿ ಸಣ್ಣ ಉಬ್ಬು ಉಳಿಯಬಹುದು. ಅದು ಡಾಟ್‌ಗೆ ಅಂಟಿಕೊಂಡಿರುವ ಓಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ್ದು.

ಬಾಟಲಿಯನ್ನು ಬೆಳಕಿಗೆ ಹಿಡಿದರೆ ಕಾಣುವುದು ಡಿಕಾಕ್ಷನ್ ಬಣ್ಣ, ಅಷ್ಟೇ. 3 ನ್ಯಾನೋಮೀಟರ್ ಗಾತ್ರದ ಡಾಟ್ ಆದರೂ ಹಾಗೇ, 4.5 ಆದರೂ ಹಾಗೇ. ಆದರೆ ಮೊದಲನೆಯದರ ಬೆಳಕು ಹೀರುವ ಶಿಖರ 920ರ ಹತ್ತಿರ, ಎರಡನೆಯದರದ್ದು 1300ರ ಹತ್ತಿರ! ಅದೇ ಸೀಸ, ಅದೇ ಗಂಧಕ, ಒಂದೂವರೆ ನ್ಯಾನೋಮೀಟರ್ ಅಂತರ. ಕಣ್ಣಿಗೆ ಕಾಣದ ಬಣ್ಣಗಳಲ್ಲಿ ಇಷ್ಟೊಂದು ವ್ಯತ್ಯಾಸ ಅಡಗಿರುವುದು ಎಷ್ಟು ಸಲ ನೋಡಿದರೂ ಬೆರಗೇ.

ಶಿಖರ ಅಗಲವಾಗಿದ್ದರೆ ಡಾಟ್‌ಗಳ ಗಾತ್ರ ಒಂದೇ ಸಮ ಬಂದಿಲ್ಲ. ಮೊದಲು 1300ರಲ್ಲಿದ್ದದ್ದು ಕೆಲ ದಿನಗಳಲ್ಲಿ 1270ಕ್ಕೆ ಜಾರಿದ್ದರೆ ಯಂತ್ರವನ್ನು ಬೈಯಬೇಡಿ. ಹೊರಪದರಕ್ಕೆ ಆಮ್ಲಜನಕ ತಾಗಿ ಒಳಗಿನ ಸಲ್ಫೈಡ್ ತಿರುಳು ಚಿಕ್ಕದಾಗಿದೆ. ಉಳಿದ ದ್ರಾವಣಕ್ಕೆ ನೈಟ್ರೋಜನ್ ತುಂಬಿ, ಬಿಗಿಯಾಗಿ ಮುಚ್ಚಿ, ಕತ್ತಲಲ್ಲಿ ಇಡಿ.