ಓದಿ ಖುಷಿಪಟ್ಟರೆ ಸಾಲದೇ, ವಿಮರ್ಶೆ ಯಾಕೆ?

ಪುಸ್ತಕಗಳ ಬಗ್ಗೆ ಬರೆಯುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಹೆಚ್ಚೂಕಡಿಮೆ ಒಂದೇ ಪ್ರಶ್ನೆ, ಕೇಳುವ ಧಾಟಿ ಮಾತ್ರ ಬೇರೆಬೇರೆ. ನೆಟ್, ಕೆಸೆಟ್ ಪರೀಕ್ಷೆಗೆ ಓದುವವರು ‘ಸರ್, ವಿಮರ್ಶೆಯ ಉದ್ದೇಶ, ಪ್ರಕಾರಗಳು – ನೋಟ್ಸ್ ಇದ್ದರೆ ಕಳಿಸಿ’ ಎನ್ನುತ್ತಾರೆ. ಕಥೆ, ಕವಿತೆ ಬರೆಯುವ ಗೆಳೆಯರು ‘ನೀವು ವಿಮರ್ಶಕರೇ ಇಲ್ಲದಿದ್ದರೆ ಸಾಹಿತ್ಯಕ್ಕೇನಪ್ಪ ನಷ್ಟ?’ ಎಂದು ಅರ್ಧ ತಮಾಷೆ ಅರ್ಧ ಸಿಟ್ಟಿನಲ್ಲಿ ಕೇಳುತ್ತಾರೆ. ತಮ್ಮ ಪಾಡಿಗೆ ಓದಿಕೊಂಡಿರುವವರದು ಎಲ್ಲಕ್ಕಿಂತ ನೇರ: ‘ಓದಿದೆ, ಖುಷಿಯಾಯಿತು. ಅದನ್ನು ಬಗೆದು ಬಗೆದು ನೋಡುವುದು ಯಾಕೆ?’

ಈ ಕೊನೆಯವರಿಗೇ ಮೊದಲು ಉತ್ತರ ಕೊಡುತ್ತೇನೆ. ಖುಷಿಯಾಯಿತು ಎಂದಿರಲ್ಲ, ಅಲ್ಲಿಗೆ ನೀವು ವಿಮರ್ಶೆ ಶುರುಮಾಡಿ ಆಯಿತು. ಪಕ್ಕದಲ್ಲಿ ಕೂತವರು ‘ನನಗೇನೂ ಅನ್ನಿಸಲಿಲ್ಲಪ್ಪ’ ಎಂದರೆ ನೀವು ಸುಮ್ಮನಿರುವುದಿಲ್ಲ. ಪುಟ ತಿರುಗಿಸಿ, ‘ಇಲ್ಲಿ ನೋಡಿ’ ಎಂದು ಒಂದು ಸಾಲಿನ ಮೇಲೆ ಬೆರಳಿಡುತ್ತೀರಿ. ನನ್ನ ಮಟ್ಟಿಗೆ ವಿಮರ್ಶೆಯ ಬುಡ ಆ ಬೆರಳಿನಲ್ಲಿದೆ. ಕೃತಿಯನ್ನು ಒಂದು ಹೊಸ ಪ್ರಶ್ನೆ ಕೇಳುವುದು, ಉತ್ತರವನ್ನು ಅದರೊಳಗಿಂದಲೇ ತೋರಿಸುವುದು. ತೋರಿಸಿದ ಮೇಲೆ ಓದುಗ ಪುಸ್ತಕ ತೆಗೆದು ನೋಡಿದರೆ ಅದು ಅಲ್ಲಿ ಕಾಣಬೇಕು. ಕಾಣದಿದ್ದರೆ ವಿಮರ್ಶಕನ ಪಾಂಡಿತ್ಯ ಎಷ್ಟೇ ಇರಲಿ, ಕೆಲಸ ಕೆಟ್ಟಿತು ಎಂದೇ ಲೆಕ್ಕ.

ಇದು ಇಂಗ್ಲಿಷ್ ಓದಿದವರು ತಂದ ಚಾಳಿ ಎಂಬ ಮಾತನ್ನೂ ಕೇಳಿದ್ದೇನೆ. ಹಾಗೇನಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಕಾವ್ಯ ಹೇಗಿರಬೇಕು, ಹೇಗಿರಬಾರದು ಎಂದು ಚರ್ಚಿಸುವ ಕವಿರಾಜಮಾರ್ಗ. ಕ್ರಿ.ಶ. 850ರ ಸುಮಾರಿನದು. ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂದು ನಾಡವರನ್ನು ಹೊಗಳುವ ಅದೇ ಗ್ರಂಥ ಕವಿಗಳ ದೋಷಗಳನ್ನೂ ಮುಲಾಜಿಲ್ಲದೆ ಪಟ್ಟಿ ಮಾಡುತ್ತದೆ. 1112ರಲ್ಲಿ ನಯಸೇನ ತನ್ನ ಕಾಲದ ಕವಿಗಳನ್ನು ‘ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ’ ಎಂದು ಕೇಳಿದ. ಅಚ್ಚಗನ್ನಡದಲ್ಲಿ ಸಂಸ್ಕೃತ ತಂದು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂಬ ಸಿಡುಕು ಅದು. (ಇಷ್ಟೆಲ್ಲ ಹೇಳಿ ತಾನೇನೂ ಸಂಸ್ಕೃತ ಪೂರ್ತಿ ಬಿಟ್ಟವನಲ್ಲ. ವಿಮರ್ಶಕರ ಈ ಗುಣವೂ ಹಳೆಯದೇ.)

ಇನ್ನು ವಿಧಾನಗಳ ಮಾತು. ನೋಟ್ಸ್ ಕೇಳುವವರಿಗೆ ಪಟ್ಟಿ ಕೊಡುವುದು ಸುಲಭ. ಆದರೆ ಪಟ್ಟಿಯಿಂದ ಏನೂ ಕಾಣುವುದಿಲ್ಲ. ಅದಕ್ಕೇ ಎಲ್ಲರಿಗೂ ಬಾಯಿಪಾಠವಿರುವ ಬಸವಣ್ಣನ ಒಂದು ವಚನ ಮುಂದಿಟ್ಟುಕೊಳ್ಳುತ್ತೇನೆ.

ಉಳ್ಳವರು ಶಿವಾಲಯವ ಮಾಡುವರು,
ನಾನೇನ ಮಾಡುವೆ? ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ, ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ಎಲ್ಲಕ್ಕಿಂತ ಮೊದಲು ಬರುವವರು, ಹಳೆಯ ಪ್ರತಿಗಳನ್ನು ಹೋಲಿಸಿ ಮೂಲ ಯಾವುದೆಂದು ಗೊತ್ತುಮಾಡುವ ಗ್ರಂಥಸಂಪಾದಕರು. ಇವರನ್ನು ವಿಮರ್ಶಕರ ಸಾಲಿನಲ್ಲಿ ಕೂರಿಸುವುದನ್ನೇ ನಾವು ಮರೆಯುತ್ತೇವೆ. ಮೊದಲ ಸಾಲಿಗೆ ‘ಮಾಡುವರು’, ‘ಮಾಡಿಹರು’ ಎಂಬ ಎರಡು ಪಾಠಗಳು ಚಾಲ್ತಿಯಲ್ಲಿವೆ. ಒಂದರಲ್ಲಿ ಉಳ್ಳವರ ನಿತ್ಯದ ರೂಢಿ, ಇನ್ನೊಂದರಲ್ಲಿ ಆಗಲೇ ಕಟ್ಟಿ ಮುಗಿಸಿದ ದೇಗುಲಗಳು ಎದುರಿಗೇ ನಿಂತ ಹಾಗೆ. ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ವಿಜಯಪುರದ ವಕೀಲ ಫ. ಗು. ಹಳಕಟ್ಟಿ ಹುಡುಕಿ, ಶೋಧಿಸಿ, 1920ರ ದಶಕದಲ್ಲಿ ಅಚ್ಚು ಹಾಕಿಸಿರದಿದ್ದರೆ ಉಳಿದ ವಿಮರ್ಶಕರಿಗೆ ಮಾತಾಡಲು ಇಷ್ಟೊಂದು ಸರಕೇ ಇರುತ್ತಿರಲಿಲ್ಲ.

ಚರಿತ್ರೆ ಮತ್ತು ಜೀವನವನ್ನು ಹಿಡಿದು ಓದುವವರು ತಕ್ಷಣ ಒಂದು ತಕರಾರು ತೆಗೆಯುತ್ತಾರೆ. ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ. ಬೊಕ್ಕಸದ ಬೀಗ ಕೈಯಲ್ಲಿದ್ದವನು ‘ಬಡವನಯ್ಯಾ’ ಎನ್ನುವುದೇನು? ಭಕ್ತಿಯ ವಿನಯವೇ, ಭಂಡಾರದ ಹಣ ತನ್ನದಲ್ಲ ಎಂಬ ಲೆಕ್ಕವೇ, ಬೇಕೆಂದೇ ಬಡವರ ಸಾಲಿನಲ್ಲಿ ಹೋಗಿ ನಿಲ್ಲುವ ನಿಲುವೇ? ಪ್ರಶ್ನೆ ಸೊಗಸಾಗಿದೆ. ಆದರೆ ಇದಕ್ಕೆ ಎದುರಾಗಿ 1946ರಲ್ಲಿ ಅಮೆರಿಕದ ವಿಮ್ಸಾಟ್, ಬಿಯರ್ಡ್ಸ್‌ಲಿ ಎಂಬಿಬ್ಬರು, ಕವಿಯ ಉದ್ದೇಶವನ್ನು ಅಳತೆಗೋಲು ಮಾಡಿಕೊಂಡು ಕವಿತೆಯನ್ನು ತೂಗುವುದೇ ದೋಷ ಎಂದು ವಾದಿಸಿದರು. ಅದಕ್ಕೂ ಮುಂಚೆ ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಕವಿಯ ಹೆಸರು, ಕಾಲ ಯಾವುದನ್ನೂ ತಿಳಿಸದೆ ವಿದ್ಯಾರ್ಥಿಗಳಿಗೆ ಪದ್ಯ ಹಂಚಿ ಅಭಿಪ್ರಾಯ ಬರೆಸಿದ್ದರು. 1929ರಲ್ಲಿ ಅದು ಪುಸ್ತಕವಾಗಿ ಬಂದಾಗ, ಹೆಸರಿಲ್ಲದಿದ್ದರೆ ನಾವು ಎಂಥೆಂಥ ಪದ್ಯವನ್ನು ಜರೆದು ಎಂಥದ್ದನ್ನು ತಲೆ ಮೇಲೆ ಹೊರುತ್ತೇವೆ ಎಂಬುದು ಬಯಲಾಯಿತು. ನಮ್ಮ ನವ್ಯ ವಿಮರ್ಶೆಗೆ ಈ ಕೃತಿನಿಷ್ಠ ಓದು ಬಂದದ್ದು ಆ ದಾರಿಯಿಂದ.

ಹಾಗೆ ಕೃತಿಯನ್ನಷ್ಟೇ ಹಿಡಿದು ನೋಡೋಣ. ಮೊದಲೆರಡು ಸಾಲುಗಳಲ್ಲಿ ಎಲ್ಲೆಲ್ಲೂ ‘ಮಾಡು’: ಅವರು ಮಾಡುವರು, ನಾನೇನ ಮಾಡುವೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಆ ಕ್ರಿಯಾಪದ ಮಾಯ. ಕಾಲೇ ಕಂಬ, ದೇಹವೇ ದೇಗುಲ: ಇಲ್ಲಿ ಮಾಡುವುದು ಏನೂ ಉಳಿದಿಲ್ಲ, ಇರುವುದಷ್ಟೇ. ಉಳ್ಳವರಿಗೆ ಮಾಡುವ ಕೆಲಸ, ಇವನಿಗೆ ಇರುವ ಸ್ಥಿತಿ. ವಚನದ ವಾದವನ್ನು ವಾಕ್ಯದ ಕಟ್ಟಣೆಯೇ ನಡೆಸಿಬಿಟ್ಟಿದೆ. ಅಷ್ಟೇ ಅಲ್ಲ, ‘ಬಡವನಯ್ಯಾ’ ಎಂದು ತಗ್ಗಿದ ದನಿ ಕೊನೆಗೆ ‘ಕೇಳಯ್ಯಾ’ ಎಂದು ದೇವರಿಗೇ ತಾಕೀತು ಮಾಡುವ ಮಟ್ಟಕ್ಕೆ ಏರುತ್ತದೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನ ಶಿಷ್ಯರಾದರೆ ಇದನ್ನೇ ಧ್ವನಿ ಎನ್ನುತ್ತಿದ್ದರು. ಬಾಯಲ್ಲಿ ದೈನ್ಯ, ಒಳಗೆ ಸವಾಲು. ನನಗೆ ಈ ಎರಡು ಓದುಗಳೂ ಒಂದೇ ಜಾಗಕ್ಕೆ ಬಂದು ಸೇರುವುದು ಯಾವತ್ತೂ ಸಂತೋಷ ಕೊಡುತ್ತದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗೆಂದು ಉರುಹೊಡೆದು ಮರೆತವರು ಹೀಗೊಂದು ವಚನ ಪಕ್ಕದಲ್ಲಿಟ್ಟುಕೊಂಡು ಮತ್ತೆ ತೆರೆಯಬೇಕು.

ಎ. ಕೆ. ರಾಮಾನುಜನ್ 1973ರ ತಮ್ಮ ವಚನಾನುವಾದದ ಪ್ರಸ್ತಾವನೆಯನ್ನು ಈ ವಚನದಿಂದಲೇ ಶುರುಮಾಡುತ್ತಾರೆ. ದೇಗುಲವನ್ನೇ ಮನುಷ್ಯದೇಹದ ಪ್ರತಿರೂಪವಾಗಿ ಕಟ್ಟುವ ಪದ್ಧತಿ ಇತ್ತು. ಗರ್ಭಗುಡಿ, ಪಾದ, ಶಿಖರ ಎಂಬ ಹೆಸರುಗಳೇ ಸಾಕ್ಷಿ. ದೇಹದಿಂದ ದೇಗುಲವಾದದ್ದನ್ನು ಬಸವಣ್ಣ ಮತ್ತೆ ದೇಹಕ್ಕೇ ತಂದ ಎಂಬುದು ಅವರು ಕಂಡ ಎಳೆ. ಇದು ಕಾಣಬೇಕಾದರೆ ವಚನದ ಹೊರಗಿನ ವಾಸ್ತುವಿದ್ಯೆ ಗೊತ್ತಿರಬೇಕು. ಕೃತಿಯೊಂದೇ ಸಾಕು ಎಂದವರಿಗೆ ಇದು ಸಿಗುತ್ತಿರಲಿಲ್ಲ.

ಸಮಾಜವನ್ನು ಮುಂದಿಟ್ಟುಕೊಂಡು ಓದುವವರು ಕೇಳುವುದೇ ಬೇರೆ. ಹನ್ನೆರಡನೆಯ ಶತಮಾನದ ದೇವಾಲಯ ಪೂಜೆಯ ಜಾಗ ಮಾತ್ರವಾಗಿರಲಿಲ್ಲ. ಭೂಮಿ ದತ್ತಿ, ದೀಪದ ಎಣ್ಣೆ, ಪೂಜಾರಿ, ಗುಡಿಯಲ್ಲಿ ಕುಣಿಯುವ ಪಾತ್ರದವರು, ತೆರಿಗೆಯ ಪಾಲು ಎಲ್ಲವೂ ಅದರ ಸುತ್ತ ತಿರುಗುತ್ತಿದ್ದವು. ಆ ಕಾಲದ ಶಾಸನಗಳ ತುಂಬ ಇದೇ ವಿವರ. ಹಾಗಾಗಿ ‘ಉಳ್ಳವರು’ ಎಂಬ ಮೊದಲ ಮಾತೇ ಒಂದು ಇಡೀ ಆಸ್ತಿವ್ಯವಸ್ಥೆಯ ಮೇಲೆ ಬೆರಳು ತೋರಿಸುತ್ತದೆ. ದಲಿತ ಓದುಗರಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಹಕ್ಕಿದೆ: ಗುಡಿ ಕಟ್ಟಿಸುವ ಮಾತಿರಲಿ, ಗುಡಿಯೊಳಗೆ ಕಾಲಿಡಲೂ ಬಿಡದವರ ಬಾಯಲ್ಲಿ ಈ ವಚನ ಏನಾಗುತ್ತದೆ? ಗಮನಿಸಿ, ವಚನ ಎಣಿಕೆ ಶುರುಮಾಡುವುದು ಕಾಲಿನಿಂದ. ಪುರುಷಸೂಕ್ತದಲ್ಲಿ ಶೂದ್ರ ಹುಟ್ಟುವುದು ಪಾದದಿಂದ. ಇಲ್ಲಿ ಆ ಕಾಲೇ ಇಡೀ ಗುಡಿಯನ್ನು ಹೊತ್ತ ಕಂಬ. ಬಸವಣ್ಣನಿಗೆ ಇದು ಮನಸ್ಸಿನಲ್ಲಿತ್ತೋ ಇಲ್ಲವೋ ಯಾರೂ ಹೇಳಲಾರರು, ಆದರೆ ಒಮ್ಮೆ ಕಂಡ ಮೇಲೆ ಕಾಣದ ಹಾಗೆ ಓದುವುದು ಕಷ್ಟ.

ಸ್ತ್ರೀವಾದಿ ಓದು ‘ದೇಹವೇ ದೇಗುಲ’ದಲ್ಲಿ ನಿಲ್ಲುತ್ತದೆ. ಯಾರ ದೇಹ? ಮುಟ್ಟಿನ ದಿನಗಳಲ್ಲಿ ಮೈಲಿಗೆ ಎನ್ನಿಸಿಕೊಳ್ಳುವ ದೇಹವೂ ದೇಗುಲವೇ? ರಜಸ್ಸಿನ (ಮುಟ್ಟಿನ) ಸೂತಕವನ್ನೂ ಸೇರಿಸಿ ಐದು ಬಗೆಯ ಮೈಲಿಗೆಗಳನ್ನೇ, ಅಂದರೆ ಪಂಚಸೂತಕಗಳನ್ನೇ, ಶರಣರು ತಳ್ಳಿಹಾಕಿದ್ದರಿಂದ ಉತ್ತರ ಹೌದೆಂದೇ ಆಗಬೇಕು. ಆಗ ಹೆಣ್ಣಿನ ಬಾಯಲ್ಲಿ ಈ ಸಾಲು ಗಂಡಿನ ಬಾಯಲ್ಲಿರುವುದಕ್ಕಿಂತ ಹೆಚ್ಚು ಧೈರ್ಯದ್ದಾಗುತ್ತದೆ. ಪಕ್ಕದಲ್ಲೇ ಅಕ್ಕಮಹಾದೇವಿಯನ್ನು ಇಟ್ಟು ನೋಡಿ. ‘ಕಾಯ ಕರ್ರನೆ ಕಂದಿದಡೇನಯ್ಯಾ, ಕಾಯ ಮಿರ್ರನೆ ಮಿಂಚಿದಡೇನಯ್ಯಾ’ ಎನ್ನುತ್ತಾಳೆ ಆಕೆ. ಬಸವಣ್ಣ ದೇಹಕ್ಕೆ ಹೊನ್ನ ಕಳಶ ಇಟ್ಟ. ಅಕ್ಕನಿಗೆ ಆ ಮಿಂಚೂ ಬೇಡ. ಇಬ್ಬರೂ ಶರಣರು, ಇಬ್ಬರದೂ ದೇಹದ ಮಾತು, ಆದರೂ ಎಷ್ಟು ಬೇರೆ.

ಆ ಹೊನ್ನು ನನಗೂ ಚುಚ್ಚುತ್ತದೆ. ಉಳ್ಳವರ ಗುಡಿಯನ್ನು ನಿರಾಕರಿಸಿದವನಿಗೆ ಕಳಶ ಮಾತ್ರ ಚಿನ್ನದ್ದೇ ಯಾಕೆ ಬೇಕಾಯಿತು? ಇನ್ನೊಂದು: ಕಲ್ಲಿನ ಗುಡಿ ಸಾವಿರ ವರ್ಷ ನಿಲ್ಲುತ್ತದೆ, ದೇಹ ನೂರು ವರ್ಷವೂ ಬಾಳದು. ನಿಂತಲ್ಲೇ ನಿಲ್ಲುವ ಸ್ಥಾವರಕ್ಕೆ ಅಳಿವುಂಟು, ಚಲಿಸುವ ಜಂಗಮಕ್ಕೆ ಅಳಿವಿಲ್ಲ ಎಂದು ದೇಹವನ್ನು ನಂಬಿದವನು ಹೇಗೆ ಹೇಳಿದ? ಹೀಗೆ ಕೃತಿ ತನಗೆ ತಾನೇ ಎದುರಾಗುವ ಬಿರುಕು ಹುಡುಕುವವರನ್ನು ನಿರಚನವಾದಿಗಳು ಎನ್ನುತ್ತಾರೆ. ಬರವಣಿಗೆ ಬಹಳ ಸಲ ಕಬ್ಬಿಣದ ಕಡಲೆ, ಪ್ರಶ್ನೆ ಮಾತ್ರ ಒಳ್ಳೆಯದು. ಕೂಡಲಸಂಗಮಕ್ಕೆ ಹೋದರೆ ಈ ಬಿರುಕು ಕಣ್ಣಿಗೇ ಕಾಣುತ್ತದೆ. ಸ್ಥಾವರಕ್ಕೆ ಅಳಿವುಂಟು ಎಂದವನ ಐಕ್ಯಸ್ಥಳಕ್ಕೆ ನಾರಾಯಣಪುರ ಜಲಾಶಯದ ಹಿನ್ನೀರು ನುಗ್ಗದ ಹಾಗೆ ಸುತ್ತ ಗೋಡೆ ಎಬ್ಬಿಸಿ, ಬಾವಿಯಂತೆ ಕೆಳಗಿಳಿದು ಹೋಗಲು ಮೆಟ್ಟಿಲು ಮಾಡಿದ್ದಾರೆ. ವಚನವನ್ನು ಓದುಗರು ಹೇಗೆ ಬಳಸಿಕೊಂಡರು ಎಂಬುದೂ ವಿಮರ್ಶೆಯ ವಿಷಯವೇ.

ಇಷ್ಟು ಕೇಳಿದ ಮೇಲೆ ಬರುವ ಮರುಪ್ರಶ್ನೆ: ‘ಹಾಗಾದರೆ ಇದರಲ್ಲಿ ಸರಿಯಾದದ್ದು ಯಾವುದು?’ ಎಲ್ಲವೂ ಸರಿ ಎಂದು ಜಾರಿಕೊಳ್ಳುವವನಲ್ಲ ನಾನು. ವಿಧಾನವನ್ನು ಮೊದಲೇ ಆರಿಸಿಟ್ಟುಕೊಂಡು, ಅದಕ್ಕೆ ಹೊಂದುವ ಕೃತಿ ಹುಡುಕುವ ಪದ್ಧತಿ ನಮ್ಮ ಸಂಶೋಧನಾ ಪ್ರಬಂಧಗಳಲ್ಲಿ ವಿಪರೀತ ಬೆಳೆದಿದೆ. ‘ಇಂಥವರ ಕಾದಂಬರಿಗಳಲ್ಲಿ ಸ್ತ್ರೀವಾದ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ನೋಡಿದರೇ ಒಳಗಿನ ಐದು ಅಧ್ಯಾಯ ಊಹಿಸಬಹುದು. ಮೊದಲೆರಡು ಸಿದ್ಧಾಂತ, ಮೂರನೆಯದು ಲೇಖಕರ ಬದುಕು, ಆಮೇಲೆ ಕಥಾಸಾರ, ಕೊನೆಗೆ ಸಮಾರೋಪ. ಕಾದಂಬರಿಯ ಒಂದೇ ಒಂದು ಪುಟದ ಮೇಲೂ ಬೆರಳಿಟ್ಟಿರುವುದಿಲ್ಲ. ಕೃತಿ ಎಲ್ಲಿ ತೊಡರುತ್ತದೋ ಅಲ್ಲಿಂದ ಹೊರಟರೆ ಬೇಕಾದ ವಿಧಾನ ತಾನಾಗಿ ಕೈಗೆ ಬರುತ್ತದೆ. ಡಿ. ಆರ್. ನಾಗರಾಜ್ ಅಲ್ಲಮನ ಬಗ್ಗೆ ಬರೆದದ್ದನ್ನು ಓದಿ. ಕಾಶ್ಮೀರ ಶೈವ, ಕಾವ್ಯಮೀಮಾಂಸೆ, ಸಮಾಜ ಎಲ್ಲವೂ ಅಲ್ಲಿ ಬರುತ್ತವೆ, ಅಲ್ಲಮ ಕರೆದಲ್ಲಿಗೆ.

ಇನ್ನೊಂದು ಕಡೆ ಹೊಗಳಿಕೆಯ ಹಾವಳಿ. ಮುನ್ನುಡಿ, ಬೆನ್ನುಡಿ, ಲೋಕಾರ್ಪಣೆಯ ಭಾಷಣ, ಮರುದಿನ ಫೇಸ್‌ಬುಕ್‌ನಲ್ಲಿ ‘ಓದಲೇಬೇಕಾದ ಕೃತಿ’. ಎನ್ನವರೇ ನನ್ನನ್ನು ಹೊಗಳಿ ಹೊಗಳಿ ಹೊನ್ನಶೂಲಕ್ಕೆ ಇಕ್ಕಿದರು ಎಂದು ಬಸವಣ್ಣನೇ ಗೋಳಾಡಿದ್ದಾನೆ. ಇವತ್ತಿನ ಹೊಸ ಬರಹಗಾರರ ಪಾಡು ಅದೇ: ಮೊದಲ ಸಂಕಲನಕ್ಕೇ ಶೂಲ ಸಿದ್ಧ, ಎರಡನೆಯದರಲ್ಲಿ ಎಲ್ಲಿ ಎಡವಿದ್ದೇವೆ ಎಂದು ಹೇಳುವವರು ಒಬ್ಬರೂ ಇಲ್ಲ. ಬೆಲೆಕಟ್ಟುವುದು ವಿಮರ್ಶೆಯ ಕೆಲಸವಲ್ಲ, ವಿಶ್ಲೇಷಣೆಯಷ್ಟೇ ಸಾಕು ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕೀರ್ತಿನಾಥ ಕುರ್ತಕೋಟಿ 1962ರಲ್ಲಿ ಆಧುನಿಕ ಕನ್ನಡ ಸಾಹಿತ್ಯವನ್ನೆಲ್ಲ ಎದುರಿಗಿಟ್ಟುಕೊಂಡು ಬರೆದ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ದ ಜೊತೆ ಇವತ್ತಿಗೂ ಜಗಳವಾಡಬಹುದು, ಜಗಳವಾಡಲು ಸಾಧ್ಯವಾಗಿರುವುದೇ ಅವರು ತಮ್ಮ ತೀರ್ಮಾನಗಳನ್ನು ಬಚ್ಚಿಡದೆ ಹೇಳಿದ್ದರಿಂದ.

ಒರಟು ತೀರ್ಮಾನಕ್ಕೂ ಒಂದು ಬೆಲೆಯಿದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ರಾಜೀನಾಮೆ ಕೊಡಬೇಕಾಯಿತು. ಅವರು ವಿಮರ್ಶಕರಲ್ಲ, ಮಾತಿನಲ್ಲಿ ನಯವೂ ಇರಲಿಲ್ಲ. ಆದರೆ ಈ ಸಾಹಿತ್ಯದಲ್ಲಿ ನಾವೆಲ್ಲಿದ್ದೇವೆ ಎಂಬ ಪ್ರಶ್ನೆ ಆ ಒಂದು ಪದದಿಂದ ಬೀದಿಗೆ ಬಂತು. ಆಮೇಲಿನ ದಲಿತ, ಬಂಡಾಯ ಚಳವಳಿಗಳ ಚರಿತ್ರೆಯನ್ನು ಆ ಘಟನೆ ಬಿಟ್ಟು ಬರೆಯಲಾಗುವುದಿಲ್ಲ. ಪಂಡಿತರ ಎಷ್ಟೋ ಸಮತೂಕದ ಲೇಖನಗಳಿಗೆ ಅಷ್ಟು ಕೆಲಸ ಮಾಡಲು ಆಗಿರಲಿಲ್ಲ.

ಕೊನೆಗೆ ಆ ಗೆಳೆಯರ ಕುಟುಕು: ‘ಬರೆಯಲು ಬಾರದವರು ವಿಮರ್ಶಕರಾಗುತ್ತಾರೆ.’ ಕನ್ನಡದ ಮಟ್ಟಿಗಂತೂ ಇದು ಸುಳ್ಳು. ಮಾಸ್ತಿ, ಕುವೆಂಪು, ಅನಂತಮೂರ್ತಿ ವಿಮರ್ಶೆ ಬರೆದರು. ‘ಸಾಕ್ಷಿ’ ಪತ್ರಿಕೆ ನಡೆಸಿದವರು ಕವಿ ಅಡಿಗರು. ಇನ್ನು ಜಿ. ಎಚ್. ನಾಯಕರು ಕಥೆ-ಕಾದಂಬರಿಯಿಂದ ಹೆಸರಾದವರಲ್ಲ. ಹಾಗೆಂದು ಅವರು ಒಂದು ಕಥೆಯನ್ನು ಸಾಲು ಸಾಲಾಗಿ ಹಿಡಿದು ಓದಿದ್ದನ್ನು ಓದಿದ ಯಾವ ಕಥೆಗಾರನೂ ‘ನೀವೊಂದು ಕಥೆ ಬರೆದು ತೋರಿಸಿ’ ಎಂದು ಕೇಳಲಾರ. ನೋಟ್ಸ್ ಕೇಳಿದವರಿಗೆ: ಕಳಿಸಲು ನನ್ನ ಹತ್ತಿರ ಯಾವ ನೋಟ್ಸೂ ಇಲ್ಲ. ಜೇಡರ ದಾಸಿಮಯ್ಯನ ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು’ ವಚನ ತೆಗೆದುಕೊಳ್ಳಿ, ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎಷ್ಟು ಅದಕ್ಕೆ ಒಪ್ಪುತ್ತವೆ, ಎಷ್ಟು ಒಪ್ಪುವುದಿಲ್ಲ ಎಂದು ನೋಡಿ. ಬರೆದು ಕಳಿಸಿದರೆ ಓದುತ್ತೇನೆ.