ಆಮೆ ಕಾಲೆಳೆದುಕೊಂಡು ನಡೆದರೆ ಕಾಲನ್ನಷ್ಟೇ ನೋಡಬೇಡಿ

ಮನೆಯಲ್ಲಿ ಆಮೆ ಇರುವ ವಿಷಯ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ವಾಟ್ಸಾಪ್‌ಗೆ ವಿಡಿಯೋ ಬರುವುದಕ್ಕೆ ಶುರುವಾಗುತ್ತದೆ. ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ. ಆಮೆ ಟೈಲ್ಸ್ ಮೇಲೆ ನಡೆಯುತ್ತಿರುತ್ತದೆ, ಹಿಂಗಾಲು ಎರಡೂ ಜಾರಿ ಜಾರಿ ಹಿಂದೆ ಉಳಿಯುತ್ತಿರುತ್ತವೆ. ಮೊನ್ನೆ ಅಕ್ಕನ ಮಗಳೂ ಒಂದು ಕಳಿಸಿದ್ದಳು. "ಚಿಕ್ಕಮ್ಮ, ಕಾಲು ಉಳುಕಿರಬೇಕು, ಎಣ್ಣೆ ಹಚ್ಚಲಾ?"

ಎಣ್ಣೆ ಬೇಡ. ಮೊದಲು ಒಂದು ಗೋಣಿಚೀಲ ಹಾಸಿ ಅದರ ಮೇಲೆ ನಡೆಸಿ ನೋಡು ಅಂದೆ. ನುಣುಪು ಟೈಲ್ಸ್ ಮೇಲೆ ಆಮೆ ಉಗುರಿಗೆ ಹಿಡಿತವೇ ಸಿಗುವುದಿಲ್ಲ, ಚೆನ್ನಾಗಿರುವ ಆಮೆಯೂ ಈಜಿದ ಹಾಗೆ ಕಾಲು ಬಡಿಯುತ್ತದೆ. ಗೋಣಿ ಮೇಲೂ ಹೊಟ್ಟೆ ಎತ್ತದೆ ಎಳೆದುಕೊಂಡೇ ಹೋದರೆ ಆಗ ಯೋಚನೆ ಮಾಡಬೇಕು. ಎತ್ತರದಿಂದ ಬಿದ್ದಿಲ್ಲ, ಬಾಗಿಲಿಗೆ ಸಿಕ್ಕಿಲ್ಲ, ಕಾಲಿಗೆ ಕೂದಲು ದಾರ ಸುತ್ತಿಕೊಂಡಿಲ್ಲ ಅಂದರೆ ತೊಂದರೆ ಹೆಚ್ಚಾಗಿ ಕಾಲಲ್ಲಿ ಇರುವುದಿಲ್ಲ, ಚಿಪ್ಪಿನ ಒಳಗೆ ಇರುತ್ತದೆ.

ಸುಮ್ನೆ ಹೆದರುವಂಥವೂ ಕೆಲವು ಇವೆ. ಬಿಸಿಲಿಗೆ ಬಂದ ನೀರಾಮೆ ಹಿಂಗಾಲು ಎರಡನ್ನೂ ಉದ್ದಕ್ಕೆ ಚಾಚಿ, ಬೆರಳು ಅಗಲಿಸಿ, ಸತ್ತೇ ಹೋಯಿತೇನೋ ಅನ್ನುವ ಹಾಗೆ ಮಲಗುತ್ತದೆ. ಅದು ಮೈ ಕಾಯಿಸಿಕೊಳ್ಳುವ ರೀತಿ. ಗಂಡು ರೆಡ್ ಇಯರ್ಡ್ ಸ್ಲೈಡರ್ (ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಸಾಕು ನೀರಾಮೆ) ಮುಂಗಾಲಿನ ಉದ್ದ ಉಗುರುಗಳನ್ನು ಹೆಣ್ಣಿನ ಮುಖದ ಮುಂದೆ ಪಟಪಟ ನಡುಗಿಸುತ್ತದೆ. ಫಿಟ್ಸ್ ಅಲ್ಲ ಸ್ವಾಮಿ, ಅದು ಪ್ರಣಯ. ಇನ್ನು ಸುಮ್ಮನೆ ಕೂತ ಆಮೆಯ ಮುಂಗಾಲಿನ ಬುಡವನ್ನು ಒಂದು ನಿಮಿಷ ನೋಡಿ. ಚರ್ಮ ಮೆಲ್ಲಗೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಪಕ್ಕೆಲುಬು ಚಿಪ್ಪಿಗೇ ಅಂಟಿಕೊಂಡಿರುವುದರಿಂದ ನಮ್ಮ ಹಾಗೆ ಎದೆ ಉಬ್ಬಿಸಿ ಉಸಿರಾಡಲು ಅದಕ್ಕೆ ಆಗದು. ಕಾಲಿನ ಬುಡದ ಸ್ನಾಯುಗಳೂ ಉಸಿರಾಟಕ್ಕೆ ಕೈ ಜೋಡಿಸುತ್ತವೆ. ಹಾಗಾಗಿ ಕೂತಲ್ಲೇ ಮುಂಗಾಲು ಜಾಸ್ತಿ ಆಡಿಸುತ್ತಾ, ಕತ್ತು ಚಾಚಿ, ಬಾಯಿ ತೆರೆದು ಉಸಿರಾಡುತ್ತಿದ್ದರೆ ನ್ಯುಮೋನಿಯಾ ಇರಬಹುದು. ಈಜುವಾಗ ಒಂದೇ ಕಡೆ ವಾಲಿ, ಒಂದು ಪಕ್ಕದ ಕಾಲನ್ನೇ ಬಡಿಯುತ್ತಿದ್ದರೂ ಮೊದಲ ಅನುಮಾನ ಶ್ವಾಸಕೋಶದ ಮೇಲೆ.

ನಮ್ಮ ಕಡೆ ನಾನು ಜಾಸ್ತಿ ನೋಡುವುದು ಮಾತ್ರ ಮೂಳೆ ರೋಗ. ಅಂಗಡಿಯವರು ಪ್ಲಾಸ್ಟಿಕ್ ತೆಂಗಿನಮರ ಇರುವ ಬಟ್ಟಲು, ಒಣಗಿದ ಸೀಗಡಿಯ ಡಬ್ಬಿ ಕೊಟ್ಟು ಕಳಿಸುತ್ತಾರೆ. ಬಿಸಿಲಿನ ಮಾತೇ ಎತ್ತುವುದಿಲ್ಲ. ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಅತಿನೇರಳೆ ಕಿರಣ ಬೀಳದಿದ್ದರೆ ಮೈಯಲ್ಲಿ ಡಿ3 ವಿಟಮಿನ್ ಆಗುವುದಿಲ್ಲ, ಅದಿಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಹಿಡಿಯುವುದಿಲ್ಲ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಕಾಲು ನಡುಗುತ್ತದೆ, ಸೋಲುತ್ತದೆ, ಗಟ್ಟಿ ಇರಬೇಕಾದ ಚಿಪ್ಪು ಒತ್ತಿದರೆ ಬಗ್ಗುತ್ತದೆ. "ನಮ್ಮದು ಕಿಟಕಿ ಪಕ್ಕದಲ್ಲೇ ಇದೆಯಲ್ಲಾ" ಅನ್ನುತ್ತಾರೆ. ಕಿಟಕಿ ಗಾಜು ಯುವಿಬಿಯನ್ನು ಬಹುಪಾಲು ತಡೆದುಬಿಡುತ್ತದೆ, ಬೆಳಕು ಬರುತ್ತದೆ ಅಷ್ಟೇ. ಬೆಳಗಿನ ನೇರ ಬಿಸಿಲು ಬೇಕು, ಬೇಡವಾದಾಗ ಸರಿದುಕೊಳ್ಳಲು ಪಕ್ಕದಲ್ಲೇ ನೆರಳೂ ಬೇಕು. ಟಬ್‌ನಲ್ಲಿ ಹಾಕಿ ಮಟಮಟ ಮಧ್ಯಾಹ್ನ ಟೆರೇಸ್ ಮೇಲೆ ಬಿಟ್ಟು ಬಂದರೆ ಬೆಂದೇ ಹೋಗುತ್ತದೆ. ಫ್ಲಾಟ್‌ನವರಿಗೆ ಯುವಿಬಿ ಬಲ್ಬೇ ಗತಿ. ಅದೂ ಆರು ತಿಂಗಳು, ವರ್ಷ ಕಳೆದ ಮೇಲೆ ಉರಿಯುತ್ತಾ ಇದ್ದರೂ ಕೆಲಸಕ್ಕೆ ಬರುವಷ್ಟು ಯುವಿಬಿ ಕೊಡದೇ ಇರಬಹುದು.

ಹೆಣ್ಣಾಮೆ ಇದ್ದವರಿಗೆ ಇನ್ನೊಂದು ಮಾತು. ಗಂಡಿಲ್ಲದೆಯೂ ಮೊಟ್ಟೆ ಆಗುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ಚಿಪ್ಪು 15 ಸೆಂ.ಮೀ. ದಾಟಿದ ಸ್ಲೈಡರ್ ಇದ್ದಕ್ಕಿದ್ದಂತೆ ಊಟ ಬಿಟ್ಟು, ಟ್ಯಾಂಕಿನ ಮೂಲೆಯಲ್ಲಿ ಹಿಂಗಾಲಿನಿಂದ ಕೆರೆಯಲು ಶುರು ಮಾಡಿದರೆ ಅದು ಮಣ್ಣು ಹುಡುಕುತ್ತಿರಬಹುದು. ನಮ್ಮ ಮನೆಯದು ಹೀಗೆ ಮಾಡಿದಾಗ ದೊಡ್ಡ ಟ್ರೇನಲ್ಲಿ ಒಂದು ಗೇಣು ಆಳಕ್ಕೆ ಒದ್ದೆ ಮರಳು, ಮಣ್ಣು ಹಾಕಿ ಬಿಟ್ಟೆವು. ಬಲಗಾಲಿನಲ್ಲಿ ಒಂದು ಹಿಡಿ ಮಣ್ಣೆತ್ತಿ ಪಕ್ಕಕ್ಕಿಟ್ಟು, ಆಮೇಲೆ ಎಡಗಾಲಿನಲ್ಲಿ ಒಂದು ಹಿಡಿ, ಹಿಂದೆ ತಿರುಗಿ ಒಮ್ಮೆಯೂ ನೋಡದೆ ಎಷ್ಟು ನೀಟಾಗಿ ಗುಂಡಿ ತೋಡಿತು ಅಂದರೆ, ಮನೆಯವರೆಲ್ಲ ಅಡುಗೆ ಬಿಟ್ಟು ನಿಂತು ನೋಡಿದೆವು. ಮಣ್ಣು ಸಿಗದೆ ಮೊಟ್ಟೆ ಒಳಗೇ ಉಳಿದರೆ ಹಿಂಗಾಲು ಸೋಲಬಹುದು, ಜೀವಕ್ಕೂ ಅಪಾಯ. ಮೂತ್ರಕೋಶದಲ್ಲಿ ಕಲ್ಲಾದರೂ ಹಿಂಗಾಲು ಹೀಗೇ ಎಳೆಯುತ್ತದೆ. ಎಕ್ಸ್‌ರೇ ತೆಗೆಸದೆ ಯಾವುದೆಂದು ಹೇಳುವುದು ಕಷ್ಟ.

ಕೀಲು, ಕಾಲು ಊದಿದ್ದರೆ ಮೂತ್ರಪಿಂಡದ ತೊಂದರೆಯೋ, ಕೀಲಿನಲ್ಲಿ ಯೂರಿಕ್ ಆಮ್ಲ ಕೂಡಿಕೊಳ್ಳುವ ಗೌಟ್ ರೋಗವೋ ಇರಬಹುದು. ಸೊಪ್ಪು ತಿನ್ನುವ ನೆಲದಾಮೆಗೆ ಪ್ರೀತಿಯಿಂದ ನಾಯಿ ಬಿಸ್ಕತ್ತು, ಮೊಟ್ಟೆ ತಿನ್ನಿಸುವವರು ಇದನ್ನು ಗಮನಿಸಿ.

ನೆಲದಾಮೆ ಅಂದೆನಲ್ಲ, ನಮ್ಮ ನಕ್ಷತ್ರ ಆಮೆಯನ್ನು ಸಾಕುವುದು ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ, 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಿದ್ದಾರೆ. ಕಾಲಿನ ಉಗುರು ಎಣಿಸಿ "ಅದೃಷ್ಟದ ಆಮೆ" ಅಂತ ಮಾರುವ ದಂಧೆಕೋರರೂ ಇದ್ದಾರೆ. ಉಗುರು ಎಣಿಸಿ ಯಾರೂ ಉದ್ಧಾರ ಆಗಿಲ್ಲ, ಜೈಲಿಗೆ ಹೋದವರು ಇದ್ದಾರೆ. ಸ್ಲೈಡರ್ ಬೇಡವಾಯಿತು ಅಂತ ಕೆರೆಗೆ ಬಿಡುವುದೂ ತಪ್ಪು, ಅಲ್ಲಿನ ಆಮೆಗಳ ಜಾಗ, ಊಟ ಎರಡನ್ನೂ ಅದು ಕಿತ್ತುಕೊಳ್ಳುತ್ತದೆ.

ಚಳಿಗಾಲದಲ್ಲಿ ನಿಧಾನ ಆಗುವುದು ಬೇರೆ ಲೆಕ್ಕ. ಬೆಂಗಳೂರಿನ ಡಿಸೆಂಬರ್ ರಾತ್ರಿ 15 ಡಿಗ್ರಿಗೆ ಇಳಿದರೆ ಕೈಕಾಲು ಆಡುವುದೇ ಕಷ್ಟ. ಸ್ಲೈಡರ್‌ಗೆ ನೀರು 25 ಡಿಗ್ರಿ ಆಸುಪಾಸು, ಬಿಸಿಲು ಕಾಯುವ ಕಲ್ಲು 30 ಡಿಗ್ರಿ ದಾಟಿರಬೇಕು. ಬೆಚ್ಚಗಾದ ಮೇಲೂ ಕಾಲು ಎಳೆದರೆ ಡಾಕ್ಟರ್ ಹತ್ತಿರ ಹೋಗಿ. ನಾವು ನುಂಗುವ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ.

ಎಲ್ಲಾ ಪಶುವೈದ್ಯರೂ ಆಮೆ ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಒಯ್ಯುವಾಗ ನೀರು ಬೇಡ, ಗಾಳಿಯಾಡುವ ಡಬ್ಬದಲ್ಲಿ ಒದ್ದೆ ಟವೆಲ್ ಹಾಸಿದರೆ ಸಾಕು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಊಟದ ಡಬ್ಬಿ, ಬಲ್ಬು, ಟ್ಯಾಂಕು ಮೂರರದ್ದೂ ಫೋಟೋ ತೆಗೆದುಕೊಂಡು ಹೋಗಿ. ಕಾಲು ಮುಟ್ಟಿ ನೋಡುವುದಕ್ಕೆ ಮೊದಲು ಒಳ್ಳೆಯ ಡಾಕ್ಟರ್ ಅವುಗಳ ಬಗ್ಗೆಯೇ ಕೇಳುತ್ತಾರೆ.