ಅಂಗಳದ ಕಳ್ಳಿಗೆ ಕುಣಿತದ ಪೂಜೆ

ಹೊಲದ ಬೇಲಿಗೆ ಕಳ್ಳಿ ನೆಡುವವರು ನಾವು. ಮುರಿದರೆ ಹಾಲು, ಮುಟ್ಟಿದರೆ ಮುಳ್ಳು. ಅದಕ್ಕೆ ಕೈ ಮುಗಿಯಬೇಕು ಅಂತ ನನಗಂತೂ ಯಾವತ್ತೂ ಅನಿಸಿರಲಿಲ್ಲ. ಅಸ್ಸಾಮಿನಲ್ಲಿ, ಬಾಥೌ ಎಂಬ ಧರ್ಮ ನಂಬುವ ಬೋಡೋ ಜನರ ಅಂಗಳದಲ್ಲಿ, ಅದೇ ಕಳ್ಳಿ ಜಾತಿಯ ಗಿಡ ದೇವರು. ಹೆಸರು ಸಿಜೌ. ಸುತ್ತ ಬಿದಿರಿನ ಪುಟ್ಟ ಬೇಲಿ. ಬೇಲಿ ಗಿಡಕ್ಕೇ ಒಂದು ಬೇಲಿ, ನೋಡಿ! ವಿಗ್ರಹ ಇಲ್ಲ. ಆ ಗಿಡದಲ್ಲೇ ಬಾಥೌಬ್ರಾಯ್, ಎಲ್ಲರಿಗೂ ಹಿರಿಯಜ್ಜ.

ಬೋಡೋ ಮಾತಿನಲ್ಲಿ 'ಬಾ' ಅಂದರೆ ಐದು. ಸಿಜೌ ಕಾಂಡಕ್ಕೆ ಐದು ಏಣು, ಬಿದಿರ ಬೇಲಿಗೆ ಐದು ಕಟ್ಟು, ಸಿಫುಂಗ್ ಕೊಳಲಿಗೆ ಐದು ತೂತು. ಮಣ್ಣು, ನೀರು, ಬೆಂಕಿ, ಗಾಳಿ, ಬಾನು ಕೂಡ ಐದೇ. ಗಿಡದ ಲೆಕ್ಕಕ್ಕೆ ಕೊಳಲನ್ನೂ ಸೇರಿಸಿಕೊಂಡರಲ್ಲ, ಅದು ನನಗೆ ತುಂಬಾ ಹಿಡಿಸಿತು. ಸುಮ್ನೆ ಸೇರಿಸಿದ್ದಲ್ಲ. ಕೊಳಲು ಊದದೆ ಇಲ್ಲಿ ದೊಡ್ಡ ಪೂಜೆಯೇ ಆಗದು.

ಆ ಪೂಜೆ ಖೇರಾಯ್. ಬೆಳೆ ಚೆನ್ನಾಗಿ ಬರಲಿ, ಊರಿಗೆ ಕೆಡುಕು ತಟ್ಟದಿರಲಿ ಎಂದು ಊರವರೆಲ್ಲ ಸೇರಿ ಮಾಡುವುದು. ಖಾಮ್ ಎಂಬ ಉದ್ದನೆಯ ಮದ್ದಳೆ ಬಡಿಯುತ್ತದೆ, ಜೋಥಾ ತಾಳ ಕೂಡುತ್ತದೆ. ಓಜಾ ಮಂತ್ರ ಹೇಳುತ್ತಾನೆ. ಆದರೆ ಎಲ್ಲರ ಕಣ್ಣು ದೌದಿನಿಯ ಮೇಲೆ. ಕೂದಲು ಬಿಚ್ಚಿದ ಹೆಂಗಸು, ಕೈಯಲ್ಲಿ ಕತ್ತಿ, ಗುರಾಣಿ. ಒಂದೊಂದು ದೇವರಿಗೆ ಒಂದೊಂದು ಕುಣಿತ. ಭತ್ತದ ತಾಯಿ ಮೈನಾವ್‌ಗೂ ಅದರಲ್ಲಿ ಪಾಲಿದೆ. ಕುಣಿಯುತ್ತ ಕುಣಿಯುತ್ತ ಆಕೆಯ ಮೈಮೇಲೆ ದೇವರು ಬರುತ್ತದೆ. ಓಜಾ ಕೇಳುತ್ತಾನೆ: ಊರಿಗೆ ಮುಂದೆ ಹೇಗೆ? ಬೆಳೆ ಹೇಗೆ? ದೇವರೇ ಹೇಳಿತು ಎಂದು ಜನ ಆಕೆಯ ಉತ್ತರ ಕೇಳಿಸಿಕೊಳ್ಳುತ್ತಾರೆ.

ಹೊರಗಿನವರಿಗೆ ಬೋಡೋ ಕುಣಿತ ಅಂದರೆ ಬಾಗುರುಂಬಾ, ಅಲ್ವಾ? ಏಪ್ರಿಲ್ ನಡುವೆ ಬರುವ ಬೈಸಾಗು ಹಬ್ಬದಲ್ಲಿ ಹುಡುಗಿಯರು ದೊಖೊನಾ ಉಟ್ಟು, ಎರಡೂ ಕೈ ಚಾಚಿ ಚಿಟ್ಟೆಗಳ ಹಾಗೆ ಸುಳಿಯುತ್ತಾರೆ. ವೇದಿಕೆಗೆ ಹೇಳಿ ಮಾಡಿಸಿದ ಚೆಂದ. ಖೇರಾಯ್ ಕುಣಿತವೂ ಈಗ ವೇದಿಕೆ ಹತ್ತುತ್ತದೆ. ಅಲ್ಲಿ ಮಾತ್ರ ನನಗೆ ಸ್ವಲ್ಪ ಕಸಿವಿಸಿ. ಹತ್ತು ನಿಮಿಷಕ್ಕೆ ಮುಗಿಸಿ ನಮಸ್ಕಾರ ಮಾಡಿ ಇಳಿಯುವಾಗ ಚಪ್ಪಾಳೆ ಬೀಳುತ್ತದೆ. ಅಂಗಳದಲ್ಲಿ ಹಾಗಲ್ಲ. ಆವೇಶ ಇಳಿದ ಮೇಲೆ ದೌದಿನಿ ಮತ್ತೆ ಊರಿನವಳೇ. ಖಾಮ್ ನಿಲ್ಲುತ್ತದೆ. ಬೇಲಿಯೊಳಗೆ ಸಿಜೌ ಹಾಗೇ ನಿಂತಿರುತ್ತದೆ.